ಶುಕ್ರವಾರದ ಬಟರ್ ಪೈ

ನ್ಯೂಜೆರ್ಸಿಯಲ್ಲಿ ಇಬ್ಬರು ಕನ್ನಡಿಗರು ಎದುರಾದರೆ ಮೊದಲ ಪ್ರಶ್ನೆ, ಯಾವೂರು ನಿಮ್ಮದು? ಎರಡನೆಯದು, ಅಲ್ಲಿ ಯಾವ ಕಡೆ? ಮೂರನೆಯದಕ್ಕೆ ಬರುವಷ್ಟರಲ್ಲಿ ಒಬ್ಬರ ಚಿಕ್ಕಪ್ಪ ಇನ್ನೊಬ್ಬರ ಸೋದರತ್ತೆಯ ಮನೆಯಲ್ಲಿ ಬಾಡಿಗೆಗಿದ್ದದ್ದು ಪತ್ತೆಯಾಗಿ, ಇಬ್ಬರೂ ಹತ್ತು ಜನ್ಮದ ನೆಂಟರಂತೆ ಕಾಫಿ ಕಡೆ ನಡೆದುಬಿಡುತ್ತಾರೆ. ನಾನು ಮೊದಲ ಪ್ರಶ್ನೆಯಲ್ಲೇ ನಪಾಸು. ನನ್ನೂರು ಇರುವುದು ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ. ಹತ್ತಿ ಗಿರಣಿಗಳೆಲ್ಲ ಮುಚ್ಚಿಹೋದ ಮೇಲೆ ಬೇರೆ ಕೆಲಸ ಸಿಗದೆ ಸುಮ್ಮನೆ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಸಣ್ಣ ಊರು. ಹಾಗೆಂದರೆ ಎದುರಿನವರು ‘ಪಾಪ’ ಎಂಬಂತೆ ನಕ್ಕು, ಅದು ಸರಿ, ಮೂಲ ಊರು ಯಾವುದು ಅನ್ನುತ್ತಾರೆ. ನಾನು ಚಿಕ್ಕವಳಿದ್ದಾಗ ಆ ಊರಿನ ಬಸ್ ಕಂಡಕ್ಟರನೂ ಇದನ್ನೇ ಕೇಳುತ್ತಿದ್ದ. ಬೇರೆ ಯಾವುದಕ್ಕೂ ಒಪ್ಪದ ಜನ ಇದೊಂದರಲ್ಲಿ ಮಾತ್ರ ಒಮ್ಮತಕ್ಕೆ ಬಂದಿದ್ದರು. ಜಗಳವೇ ಬೇಡವೆಂದು ಬಹಳ ವರ್ಷ ನಾನು ಧಾರವಾಡ ಅಂತಲೇ ಹೇಳುತ್ತ ಬಂದೆ.

ಧಾರವಾಡ ಅಪ್ಪ-ಅವ್ವನ ಊರು. ನಾನು ಅಲ್ಲಿಗೆ ರಜೆಗೆಂದು ಹೋದದ್ದು ಒಟ್ಟು ನಾಲ್ಕು ಸಲ, ಅದರಲ್ಲಿ ಮೂರು ಸಲ ಹೊಟ್ಟೆ ಕೆಟ್ಟಿತ್ತು. ಅಪ್ಪ ಡಾಕ್ಟರು. ಲ್ಯಾಂಕಶೈರಿನ ಆ ಊರಿನ ಆಸ್ಪತ್ರೆಗೆ ಬರಲು ಇಂಗ್ಲಿಷ್ ಡಾಕ್ಟರುಗಳು ಒಲ್ಲೆ ಅಂದಿದ್ದರಿಂದ ಅಪ್ಪನಿಗೆ ಅಲ್ಲಿ ಕೆಲಸ ಸಿಕ್ಕಿತು. ನನಗಾಗ ಒಂದೂವರೆ ವರ್ಷ. ಕಣ್ಣು ಬಿಟ್ಟು ನೋಡುವಷ್ಟರಲ್ಲಿ ಸುತ್ತ ಕಪ್ಪು ಕಲ್ಲಿನ ಮನೆಗಳ ಸಾಲು, ಕಲ್ಲಿದ್ದಲ ಹೊಗೆ, ಮನೆಯ ಹಿಂದಿನ ಗಲ್ಲಿಯಲ್ಲಿ ಅಡ್ಡಡ್ಡ ಕಟ್ಟಿದ ಹಗ್ಗದ ಮೇಲೆ ಎಂದೂ ಒಣಗದ ಬಟ್ಟೆ. ಶನಿವಾರ ಎಲ್ಲ ಮಕ್ಕಳೂ ಮಳೆಗೆ ಹೆದರದೆ ಆಟಕ್ಕೆ ಹೋದರೆ ಅವ್ವ ನನ್ನನ್ನು ಅಡಿಗೆಮನೆಯ ಟೇಬಲ್ಲಿಗೆ ಕಟ್ಟಿಹಾಕಿ ಕಾಗುಣಿತ ತಿದ್ದಿಸುತ್ತಿದ್ದಳು. ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆಂದರೆ ಅದರ ಶ್ರೇಯ ಆ ಮಳೆಗೂ ಅವ್ವನ ಹಟಕ್ಕೂ ಸಲ್ಲಬೇಕು. ಮುಂದೆ ಮೈಸೂರಿನ ಗಂಡ ಸಿಕ್ಕಿ ನನ್ನ ಕನ್ನಡವನ್ನು ತಿದ್ದಿದ. ಕೆಡಿಸಿದ ಎಂದು ಅವ್ವನ ಅಭಿಪ್ರಾಯ.

ನಮ್ಮ ಬೀದಿಯಲ್ಲಿ ಇದ್ದ ಹೊರಗಿನವರು ನಾವೊಬ್ಬರೇ. ಜನ ಒಂದು ತಿಂಗಳು ಪರದೆ ಸರಿಸಿ ಸರಿಸಿ ನೋಡಿದರು. ನಮ್ಮನ್ನು ಕಾಪಾಡಿದ್ದು ರಂಗೋಲಿ. ಆ ಊರಿನ ಹಳೇ ಹೆಂಗಸರಿಗೆ ಒಂದು ಮಡಿ ಇತ್ತು: ಬೆಳಿಗ್ಗೆ ಮೊಣಕಾಲೂರಿ ಬಾಗಿಲ ಮುಂದಿನ ಮೆಟ್ಟಿಲನ್ನು ತಿಕ್ಕಿ ತೊಳೆದು, ಒಂದು ಮೆದು ಕಲ್ಲಿನಿಂದ ಅದರ ಅಂಚಿಗೆ ಹಳದಿ ಗೆರೆ ಎಳೆಯುವುದು. ಗೆರೆ ಇಲ್ಲದ ಮನೆಯ ಹೆಂಗಸು ಸೋಮಾರಿ, ಅವಳ ಮಕ್ಕಳು ದಾರಿ ತಪ್ಪುತ್ತಾರೆ ಎಂದು ಲೆಕ್ಕ. ಅವ್ವ ತನ್ನ ಪಾಡಿಗೆ ತಾನು ಮೆಟ್ಟಿಲು ತೊಳೆದು ನಾಲ್ಕೆಳೆ ರಂಗೋಲಿ ಹಾಕಿದಳು. ಪಕ್ಕದ ಮನೆಯ ಅಜ್ಜಿ ಬಂದು ಸೊಂಟದ ಮೇಲೆ ಕೈಯಿಟ್ಟು ಅದನ್ನು ಪರೀಕ್ಷೆ ಮಾಡಿ, ಈಕೆ ಅಂಚಿಗಷ್ಟೇ ಅಲ್ಲ, ನಡುಮಧ್ಯಕ್ಕೂ ಬಳಿದಿದ್ದಾಳೆ, ಶುದ್ಧ ಹೆಂಗಸು ಎಂದು ಬೀದಿಗೆಲ್ಲ ಸಾರಿದಳು. ಮಳೆ ಅದನ್ನು ಅರ್ಧ ಗಂಟೆಯಲ್ಲಿ ತೊಳೆದುಹಾಕುತ್ತಿತ್ತು, ಅದು ಬೇರೆ ಮಾತು.

ಬೀದಿ ಒಲಿದರೂ ಶಾಲೆ ಒಲಿಯಲಿಲ್ಲ. ಮಧ್ಯಾಹ್ನದ ಊಟವೇ ನನ್ನ ಶತ್ರು. ಶಾಲೆಯಲ್ಲಿ ಕೊಡುತ್ತಿದ್ದದ್ದು ಜೀವ ಹೋಗುವ ತನಕ ಬೇಯಿಸಿದ ಎಲೆಕೋಸು, ಅದರ ಮೇಲೆ ಕಂದು ಬಣ್ಣದ ಸಾರು, ಸಾರಿನಲ್ಲಿ ಒಂದು ಪ್ರಾಣಿ. ನಾನು ಡಬ್ಬಿ ಒಯ್ಯುತ್ತಿದ್ದೆ. ಚಪಾತಿ, ಮೆಂತ್ಯದ ಪಲ್ಯ. ಮುಚ್ಚಳ ತೆಗೆದ ಕೂಡಲೇ ಹುಡುಗಿಯರು ಮೂಗು ಹಿಡಿದುಕೊಂಡು ಬೆಂಚು ಖಾಲಿ ಮಾಡುತ್ತಿದ್ದರು. ಬೇಯಿಸಿದ ಎಲೆಕೋಸಿನ ವಾಸನೆಯಲ್ಲೇ ಹುಟ್ಟಿ ಬೆಳೆದವರು ಮೆಂತ್ಯಕ್ಕೆ ಮೂಗು ಹಿಡಿಯುವುದನ್ನು ನೆನೆಸಿಕೊಂಡರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಆಗ ಮಾತ್ರ ಸಿಟ್ಟು ಬರುತ್ತಿರಲಿಲ್ಲ, ಅಳು ಬರುತ್ತಿತ್ತು. ಕೋಟುಗಳನ್ನು ನೇತುಹಾಕುವ ಕೋಣೆಯಲ್ಲಿ ಒದ್ದೆ ಕೋಟುಗಳ ಕೆಳಗೆ ಕೂತು ಒಬ್ಬಳೇ ತಿನ್ನುತ್ತಿದ್ದೆ.

ಆ ಊರಿನ ಅರ್ಧ ಜನ ಕ್ಯಾಥೊಲಿಕರು. ಶುಕ್ರವಾರ ಅವರು ಮಾಂಸ ಮುಟ್ಟುತ್ತಿರಲಿಲ್ಲ. ನಿಯಮ ಸಡಿಲಾಗಿದ್ದರೂ ಅಭ್ಯಾಸ ಬಿಟ್ಟಿರಲಿಲ್ಲ. ಅವರಿಗೆಂದೇ ಶಾಲೆಯ ಹತ್ತಿರದ ಪೈ ಅಂಗಡಿಯಲ್ಲಿ ಶುಕ್ರವಾರ ಬಟರ್ ಪೈ ಮಾಡುತ್ತಿದ್ದರು. ಅಂಗೈಯಗಲದ ಹಿಟ್ಟಿನ ಬಟ್ಟಲು, ಒಳಗೆ ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಬೆಣ್ಣೆ, ಮೆಣಸಿನ ಪುಡಿ, ಮೇಲೊಂದು ಹಿಟ್ಟಿನ ಮುಚ್ಚಳ. ಇದನ್ನು ಅವ್ವನಿಗೆ ಹೇಳಿದವಳು ಪಕ್ಕದ ಮನೆ ಅಜ್ಜಿಯೇ. ಅಜ್ಜಿಯ ಮಾತಿಗೆ ನಮ್ಮ ಮನೆಯಲ್ಲಿ ಬೆಲೆಯಿತ್ತು, ಯಾಕೆಂದರೆ ಆಲೂಗಡ್ಡೆ ಚಿಪ್ಸನ್ನು ಅಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ ಎಂದು ಮೊದಲೇ ಎಚ್ಚರಿಸಿ ನಮ್ಮ ಜಾತಿ ಉಳಿಸಿದವಳು ಅವಳು. ಅವ್ವ ಮೂರು ಮೂರು ಸಲ ಕೇಳಿದಳು. ಮಾಂಸ ಇಲ್ಲವೇ? ಮೀನು? ಮೊಟ್ಟೆ? ಅಜ್ಜಿ ಮೂರು ಸಲವೂ ಇಲ್ಲ ಅಂದಳು. ಅವ್ವನಿಗೆ ಖುಷಿಯೋ ಖುಷಿ. ಈ ದೇಶದಲ್ಲೂ ವಾರಕ್ಕೊಂದು ಒಪ್ಪತ್ತು ಮಾಡುವ ಸಜ್ಜನರಿದ್ದಾರೆ, ಅವರಿಗಾಗಿ ಮಾಡಿದ ಪದಾರ್ಥ ಅಶುದ್ಧವಾಗುವುದು ಹೇಗೆ? ಒಬ್ಬರ ವ್ರತವನ್ನು ನಂಬಿ ಇನ್ನೊಬ್ಬರು ಊಟಕ್ಕೆ ಕೂಡುವುದು ನಮ್ಮ ಜನಕ್ಕೆ ಹೊಸದಲ್ಲ. ಒಳಗೆ ಏನಿದೆ ಎಂದು ಕೇಳಿದೆವೇ ಹೊರತು ಹೊರಗಿನ ಹಿಟ್ಟನ್ನು ಯಾವುದರಲ್ಲಿ ಕಲಸಿದ್ದಾರೆ ಎಂದು ಯಾರೂ ಕೇಳಲಿಲ್ಲ.

ಅಲ್ಲಿಂದ ಶುಕ್ರವಾರವೆಂದರೆ ಹಬ್ಬ. ಮಧ್ಯಾಹ್ನದ ಗಂಟೆ ಹೊಡೆದರೆ ಗೇಟಿನ ಹೊರಗೆ ಅವ್ವ ನಿಂತಿರುತ್ತಿದ್ದಳು. ಇಳಕಲ್ ಸೀರೆ, ಅದರ ಮೇಲೆ ಅಪ್ಪನ ಓವರ್‌ಕೋಟು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಬಿಸಿ ಬಿಸಿ ಎರಡು ಪೈಯ ಕಾಗದದ ಚೀಲ. ಅಂಗಡಿಯ ಪಕ್ಕದಲ್ಲಿ ಒಂದು ಮೋಟು ಗೋಡೆ. ಅದರ ಮೇಲೆ ಹುಡುಗಿಯರು, ಅವರ ಅಮ್ಮಂದಿರು ಸಾಲಾಗಿ ಕೂತು ಪೈ ತಿನ್ನುತ್ತಿದ್ದರು. ಎಲ್ಲರ ಕೈಯಲ್ಲೂ ಒಂದೇ ಚೀಲ, ಎಲ್ಲರ ಗದ್ದದ ಮೇಲೂ ಒಂದೇ ಬೆಣ್ಣೆ. ನನಗೂ ಅಲ್ಲಿ ಒಂದು ಜಾಗವಾಯಿತು. ಅವ್ವ ಗೋಡೆಯ ತುದಿಯಲ್ಲಿ ಕೂತು ತನಗೆ ಬರುವ ನಲವತ್ತು ಇಂಗ್ಲಿಷ್ ಶಬ್ದಗಳಲ್ಲೇ ಆ ಹೆಂಗಸರ ಜೊತೆ ಅತ್ತೆಯರ ಸುದ್ದಿ ಮಾತಾಡುತ್ತಿದ್ದಳು. ಅತ್ತೆಯರನ್ನು ಬಯ್ಯಲು ನಲವತ್ತು ಶಬ್ದ ಧಾರಾಳವಾಗಿ ಸಾಕು. ಆರು ವರ್ಷ, ರಜೆ ಬಿಟ್ಟರೆ ಒಂದು ಶುಕ್ರವಾರವೂ ತಪ್ಪಲಿಲ್ಲ. ಇಂಗ್ಲೆಂಡಿನಲ್ಲಿ ಅವ್ವ ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಆ ಗೋಡೆಯ ಮೇಲೆ.

ನಾನು ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಗಂಡ ಮಾರಿಸ್‌ಟೌನಿನ ಆಫೀಸಿಗೆ ಕಮ್ಯೂಟ್ ಮಾಡುತ್ತ, ನಾನು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತ ವುಡ್‌ಬ್ರಿಡ್ಜಿನ ಮನೆಯಲ್ಲಿ ಮೂವತ್ತು ವರ್ಷ ಕಳೆದೆವು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಕರೆತಂದೆ. ಈಗ ಅವಳಿಗೆ ಎಂಬತ್ತನಾಲ್ಕು. ಶಾಸ್ತ್ರ ಇನ್ನೂ ಬಿಗಿಯಾಗಿದೆ. ಫ್ರಿಜ್ಜಿನ ಮೇಲಿನ ಖಾನೆ ಅವಳದು, ಅಲ್ಲಿ ನನ್ನ ಕೈ ಹೋಗುವಂತಿಲ್ಲ. ನನ್ನ ಗಂಡ ಆಮ್ಲೆಟ್ ಮಾಡಿಕೊಂಡ ದಿನ ಒಲೆಯನ್ನು ಎರಡು ಸಲ ತೊಳೆಸುತ್ತಾಳೆ. ಐಸೆಲಿನ್ನಿನ ಇಂಡಿಯನ್ ಅಂಗಡಿಗಳಲ್ಲಿ ಬಿಸ್ಕತ್ತಿನ ಪೊಟ್ಟಣವನ್ನು ಭೂತಗನ್ನಡಿಯಲ್ಲಿ ಓದುತ್ತ ದಾರಿಗೆ ಅಡ್ಡ ನಿಂತ ಮುದುಕಿಯನ್ನು ನೀವು ನೋಡಿದ್ದರೆ ಅದು ನಮ್ಮವಳೇ. ಎರಡು ವರ್ಷದ ಹಿಂದೆ ಒಂದು ಹಣ್ಣಿನ ಮೊಸರು ತಿಂದಾದ ಮೇಲೆ ಡಬ್ಬಿಯ ಮೇಲೆ ಪ್ರಾಣಿಗಳ ಎಲುಬಿನಿಂದ ತೆಗೆಯುವ ಜೆಲಟಿನ್ನಿನ ಹೆಸರು ಓದಿ, ಎರಡು ದಿನ ನೀರು ಮಾತ್ರ ಕುಡಿದು, ಮೂರನೆಯ ದಿನ ಬಚ್ಚಲಲ್ಲಿ ಬಿದ್ದಳು. ಎಮರ್ಜೆನ್ಸಿಯಲ್ಲಿ ಡಾಕ್ಟರು ಏನಾಯಿತು ಎಂದು ಕೇಳಿದರು. ಮೊಸರು ತಿಂದರು ಎಂದೆ. ಆತ ನನ್ನನ್ನೇ ಪರೀಕ್ಷೆ ಮಾಡುವವನ ಹಾಗೆ ನೋಡಿದ.

ನಮ್ಮ ಕಡೆಯ ಕನ್ನಡ ಮನೆಗಳು ಸೇರಿ ವರ್ಷಕ್ಕೊಮ್ಮೆ ‘ನಮ್ಮೂರ ಬುತ್ತಿ’ ಅಂತ ಮಾಡುತ್ತೇವೆ. ಒಂದು ಹಾಲ್ ಬಾಡಿಗೆ ಹಿಡಿದು, ಪ್ರತಿ ಮನೆಯವರೂ ತಮ್ಮೂರಿನ ತಿಂಡಿ ತಂದು, ಪಕ್ಕದಲ್ಲಿ ಊರಿನ ಹೆಸರಿನ ಚೀಟಿ ಇಡಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವಂತೆ ಪ್ರತಿಯೊಬ್ಬರ ದೋಸೆಯೂ ಪ್ರಪಂಚದಲ್ಲೇ ಶ್ರೇಷ್ಠ. ನಾನು ವರ್ಷಗಟ್ಟಲೆ ಧಾರವಾಡ ಎಂಬ ಚೀಟಿಯಿಟ್ಟು ಮಂಡಕ್ಕಿ ಗಿರ್ಮಿಟ್ ಒಯ್ಯುತ್ತಿದ್ದೆ. ಹೋದ ವರ್ಷ ಹುಬ್ಬಳ್ಳಿಯ ಅಂಕಲ್ ಒಬ್ಬರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಚಮಚವನ್ನು ತಟ್ಟೆಯ ಅಂಚಿಗೆ ಇಟ್ಟರು. ಆಮೇಲೆ, ಇದನ್ನು ಮಾಡಿದವರು ಹುಷಾರಾಗಿದ್ದಾರೆಯೇ ಎಂದು ವಿಚಾರಿಸಿದರು. ಅವತ್ತೇ ತೀರ್ಮಾನಿಸಿದೆ. ಇನ್ನು ಮೇಲೆ ನನ್ನೂರು ಯಾವುದೋ ಅದನ್ನೇ ಒಯ್ಯುತ್ತೇನೆ, ಬಟರ್ ಪೈ ಒಯ್ಯುತ್ತೇನೆ. ಇಂಗ್ಲೆಂಡಿನಲ್ಲಿ ತಿಂಡಿ ಅಂತ ಒಂದು ಇದೆಯೇ ಎಂದು ಗಂಡ ಕೇಳಿದ. ಗಣಪತಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪುಳಿಯೋಗರೆಯನ್ನೇ ನೈವೇದ್ಯ ಮಾಡುವ ಮನೆತನದವರಿಂದ ನನಗೆ ಪಾಠ ಬೇಕಿರಲಿಲ್ಲ.

ಈ ವರ್ಷದ ಬುತ್ತಿಗೆ ಒಂದು ವಾರವಿರುವಾಗ, ಭಾನುವಾರ ಬೆಳಿಗ್ಗೆ, ಆ ಗೋಡೆಯ ಮೇಲೆ ನನ್ನ ಪಕ್ಕ ಕೂಡುತ್ತಿದ್ದ ಗೆಳತಿಗೆ ವಿಡಿಯೊ ಕಾಲ್ ಮಾಡಿದೆ. ಅವಳು ಇನ್ನೂ ಅದೇ ಊರಿನಲ್ಲಿದ್ದಾಳೆ. ಅವಳ ಚಿಕ್ಕಮ್ಮ ಆ ಪೈ ಅಂಗಡಿಯಲ್ಲಿ ಹಿಟ್ಟು ಕಲಸುತ್ತಿದ್ದವಳು. ಅಂಗಡಿ ಹೋಗಿ ಈಗ ಅಲ್ಲಿ ಉಗುರಿಗೆ ಬಣ್ಣ ಹಚ್ಚುತ್ತಾರಂತೆ. ಪಾಕವಿಧಾನ ಬರೆದುಕೋ ಎಂದಳು. ನಾನು ಪೆನ್ನು ಹಿಡಿದು ಕೂತೆ. ಹೊರಗಿನ ಹಿಟ್ಟಿಗೆ ಅರ್ಧ ಬೆಣ್ಣೆ, ಅರ್ಧ ಹಂದಿ ಕೊಬ್ಬು. ಹಂದಿ ಕೊಬ್ಬಿಲ್ಲದಿದ್ದರೆ ಅದು ಪದರ ಪದರವಾಗಿ ಬಿಡುವುದಿಲ್ಲ ಎಂದು ಅವಳು ಕಾಳಜಿಯಿಂದ ಇನ್ನೊಮ್ಮೆ ಹೇಳಿದಳು. ಅವರ ಶುಕ್ರವಾರಕ್ಕೆ ಮಾಂಸ ಮಾತ್ರ ವರ್ಜ್ಯ, ಕೊಬ್ಬು ಲೆಕ್ಕಕ್ಕಿಲ್ಲವಂತೆ. ಆವತ್ತೂ ಹಾಗೇ ಮಾಡುತ್ತಿದ್ದರೇ ಎಂದು ಕೇಳಿದೆ. ಮತ್ತೆ ಹೇಗೆ ಮಾಡುತ್ತಾರೆ ಎಂದು ಅವಳೇ ನನ್ನನ್ನು ಕೇಳಿದಳು.

ಫೋನಿಟ್ಟು ನಕ್ಕೆ. ನನ್ನದೇನೂ ಚಿಂತೆಯಿರಲಿಲ್ಲ. ಕಾಲೇಜಿನಲ್ಲಿ ತಿಂದದ್ದನ್ನು ಲೆಕ್ಕ ಹಿಡಿದರೆ ಆ ಪೈ ನನ್ನ ಪಾಪಗಳ ಸಾಲಿನಲ್ಲಿ ಬಾಗಿಲ ಹತ್ತಿರವೂ ನಿಲ್ಲುವುದಿಲ್ಲ. ಆಮೇಲೆ ಪಕ್ಕದ ಕೋಣೆಯಿಂದ ಅವ್ವ ಸ್ತೋತ್ರ ಹೇಳುತ್ತಿರುವುದು ಕೇಳಿಸಿತು, ನಗು ನಿಂತುಹೋಯಿತು. ಒಂದು ಡಬ್ಬಿ ಮೊಸರಿಗೆ ಎರಡು ದಿನ ಉಪವಾಸ. ಆರು ವರ್ಷದ ಶುಕ್ರವಾರಗಳಿಗೆ ಎಷ್ಟು ದಿನ? ಅವಳ ಬಿಪಿಗೆ, ಸಕ್ಕರೆಗೆ, ಇನ್ನೊಂದು ಉಪವಾಸ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದರು. ಅದಕ್ಕಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ಆ ದೇಶದಲ್ಲಿ ಅವಳಿಗೆ ಸಿಕ್ಕಿದ್ದ ಒಂದೇ ಒಂದು ಸುಖ ಆ ಗೋಡೆ. ಅದನ್ನು ನಾನು ಹೊಲಸು ಮಾಡಬೇಕಿತ್ತು.

ಹೇಳದೆ ಇರಬಹುದಿತ್ತು. ಆದರೆ ಅವ್ವ ಇರಗೊಡಲಿಲ್ಲ. ಬಟರ್ ಪೈ ಮಾಡುತ್ತೇನೆಂದು ನಾನು ಹೇಳಿದ ದಿನದಿಂದ ಅವಳಿಗೆ ಇಪ್ಪತ್ತು ವರ್ಷ ಕಡಿಮೆಯಾಗಿತ್ತು. ಪರಿಚಯದ ಆಂಟಿಯರಿಗೆಲ್ಲ ಫೋನ್ ಮಾಡಿ, ಇಂಗ್ಲಿಷರಲ್ಲೂ ಶುಕ್ರವಾರದ ಒಪ್ಪತ್ತು ಇರುವುದನ್ನು, ಅವರ ಕಡುಬಿನ ಶುದ್ಧತೆಯನ್ನು ವರ್ಣಿಸಿದಳು. ಮೇಜಿನ ಪಕ್ಕ ನಿಂತು ತಾನೇ ಎಲ್ಲರಿಗೂ ವಿವರಿಸುವುದಾಗಿ ಹೇಳಿಬಿಟ್ಟಳು. ಕೇಳಿದವರಲ್ಲಿ ಒಬ್ಬರಲ್ಲ ಒಬ್ಬರು ಫೋನ್ ತೆಗೆದು ಬಟರ್ ಪೈ ಎಂದು ಹುಡುಕುತ್ತಾರೆ. ನಮ್ಮ ಜನ ದೇವಸ್ಥಾನದ ಪ್ರಸಾದವನ್ನೂ ಗೂಗಲ್ ಮಾಡಿ ತಿನ್ನುವವರು. ಆಮೇಲೆ ನೂರು ಜನರ ನಡುವೆ ಯಾರೋ ಒಬ್ಬರು, ಆಂಟಿ, ಇದರಲ್ಲಿ ಹೀಗಂತೆ, ಎಂದು ಅವಳ ಮುಖಕ್ಕೇ ಓದಿ ಹೇಳುತ್ತಾರೆ.

ಗಂಡನನ್ನು ಕೇಳಿದೆ. ತಾನು ಈ ಸಂಸಾರಕ್ಕೆ ಅಳಿಯನಾಗಿ ಬಂದವನು, ಶಾಸ್ತ್ರದ ವಿಷಯದಲ್ಲಿ ತನಗೆ ಧ್ವನಿಯಿಲ್ಲ ಎಂದು ಪೇಪರ್ ಅಡ್ಡ ಹಿಡಿದ. ಆಮ್ಲೆಟ್ ತಿನ್ನುವಾಗ ಈ ವಿನಯ ಎಲ್ಲಿಗೆ ಹೋಗಿರುತ್ತದೋ. ಕಾಲೇಜಿನಲ್ಲಿರುವ ಮಗಳನ್ನು ಕೇಳಿದೆ. ‘ಶೀ ಹ್ಯಾಸ್ ಎ ರೈಟ್ ಟು ನೋ, ಮಾಮ್’ ಎಂದು ಉತ್ತರ ಬಂತು. ಅಜ್ಜಿಗೆ ತಿಳಿಯುವ ಹಕ್ಕು, ಮೊಮ್ಮಗಳಿಗೆ ಹೇಳುವ ಹಕ್ಕು. ಹೇಳಬೇಕಾದವಳು ಮಾತ್ರ ನಾನು.

ಶನಿವಾರ ಬೆಳಿಗ್ಗೆ ಪೂರ್ತಿ ಬೆಣ್ಣೆಯಲ್ಲೇ ಹಿಟ್ಟು ಕಲಸಿ ಪೈ ಮಾಡಿದೆ. ಅವ್ವನ ಪಾತ್ರೆ, ಅವ್ವನ ಚಾಕು. ಮೇಲೆ ಪದರ ಬಿಡಲಿಲ್ಲ, ಗೆಳತಿ ಹೇಳಿದ್ದು ನಿಜವಾಯಿತು. ಹತ್ತು ಗಂಟೆಗೆ ಅವ್ವ ಪೂಜೆ ಮುಗಿಸಿ, ಹೊಸ ಸೀರೆ ಉಟ್ಟು, ಹಾಲ್‌ಗೆ ಹೊರಡಲು ತಯಾರಾಗಿ ಅಡಿಗೆಮನೆಗೆ ಬಂದಳು. ಒಂದು ಪೈಯನ್ನು ತಟ್ಟೆಗೆ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ನಿಧಾನವಾಗಿ ತಿಂದಳು. ಆಲೂಗಡ್ಡೆ ಮುಗಿಸಿ ಅಂಚಿನ ಹಿಟ್ಟನ್ನು ಮುರಿದು ಬೆರಳಲ್ಲಿ ತಿರುವಿ ನೋಡಿದಳು.

‘ಚಲೋ ಆಗೇದ. ಆದರ ಆ ರುಚಿ ಬಂದಿಲ್ಲ.’

ಇನ್ನು ಒಂದು ಗಂಟೆಯಲ್ಲಿ ಹೊರಡಬೇಕಿತ್ತು. ಎದುರಿನ ಕುರ್ಚಿಯಲ್ಲಿ ಕೂತು ಹೇಳಿಬಿಟ್ಟೆ. ‘ಅವ್ವಾ, ಅವರು ಹಿಟ್ಟಿನೊಳಗ ಹಂದಿ ಕೊಬ್ಬು ಹಾಕತಿದ್ದರಂತ. ಮೊನ್ನೆ ಗೊತ್ತಾತು ನನಗ.’

ಅವ್ವ ಬೆರಳಿಗಂಟಿದ ಪುಡಿಯನ್ನು ತಟ್ಟೆಗೆ ಕೊಡವಿದಳು. ‘ನನಗ ಅಲ್ಲೇ ಗೊತ್ತಾಗಿತ್ತು’ ಎಂದಳು.

ಪೈ ತಿನ್ನತೊಡಗಿದ ಎರಡನೆಯ ಚಳಿಗಾಲವಂತೆ. ಮನೆಯಲ್ಲೇ ಮಾಡೋಣವೆಂದು ಅಂಗಡಿಯ ಹೆಂಗಸನ್ನು ಕೇಳಿದ್ದಾಳೆ. ಆಕೆ ಸಂತೋಷದಿಂದ ಕೈ ಹಿಡಿದು ಒಳಗೆ ಕರೆದೊಯ್ದು ಹಿಟ್ಟು, ಬೆಣ್ಣೆ, ಅದರ ಪಕ್ಕದ ಬಿಳಿ ಗಟ್ಟಿಯನ್ನು ತೋರಿಸಿದ್ದಾಳೆ. ಇದೇನು ಎಂದು ಅವ್ವ ಕೇಳಿದ್ದಾಳೆ. ಮಾತು ತಿಳಿಯಲಿಲ್ಲವೇನೋ ಎಂದು ಆಕೆ ಹಂದಿಯ ಹಾಗೆ ಗುರುಗುಟ್ಟಿ ತೋರಿಸಿದ್ದಾಳೆ. ಅವ್ವ ಆಗಲೇ ಕೊಂಡಿದ್ದ ಎರಡು ಪೈ ಹಿಡಿದುಕೊಂಡು ಮಳೆಯಲ್ಲಿ ಹೊರಗೆ ಬಂದು ಗಟಾರದ ಹತ್ತಿರ ನಿಂತಳಂತೆ. ಚೀಲವನ್ನು ಅದರೊಳಗೆ ಹಾಕಬೇಕೆಂದು ಕೈ ಚಾಚಿಯೂ ಆಗಿತ್ತಂತೆ. ಅಷ್ಟರಲ್ಲಿ ಶಾಲೆಯ ಗಂಟೆ ಹೊಡೆಯಿತು.

‘ನೀ ಗೇಟಿನಿಂದ ಓಡಿಕೋತ ಬಂದಿ. ನಾಕು ಹುಡುಗ್ಯಾರು ನಿನ್ನ ಕೈ ಹಿಡಕೊಂಡಿದ್ದರು. ವಾರಪೂರ್ತಿ ಆ ಕೋಟಿನ ಖೋಲಿಯೊಳಗ ಒಬ್ಬಾಕೀನ ಕೂತು ಉಣತಿದ್ದಿ, ನೀ ಹೇಳತಿದ್ದಿಲ್ಲ, ನಿಮ್ಮ ಟೀಚರ್ ಹೇಳಿದ್ದರು. ಶುಕ್ರವಾರ ಒಂದ ದಿನ ನಕ್ಕೋತ ಬರತಿದ್ದಿ. ಏನ ಮಾಡಲಿ? ಕೊಟ್ಟೆ.’

ಮೊಸರಿನ ವಿಷಯಕ್ಕೆ ಹಾಗಾದರೆ ಯಾಕೆ ಅಷ್ಟು ರಂಪ ಮಾಡಿದೆ ಎಂದು ಕೇಳಿದೆ. ಕೇಳುವಾಗ ಅಳುತ್ತಿದ್ದೆ ಎಂದು ಆಮೇಲೆ ಗೊತ್ತಾಯಿತು. ಮೊಸರನ್ನು ತಾನು ನಾಲಿಗೆಯ ಚಪಲಕ್ಕೆ ತಿಂದದ್ದು, ಅದಕ್ಕೆ ಕ್ಷಮೆಯಿಲ್ಲ ಎಂದಳು. ಅಪ್ಪನಿಗೆ ಗೊತ್ತಿತ್ತೇ ಎಂದೆ. ಗಂಡಸರಿಗೆ ಎಲ್ಲ ಹೇಳಿದರೆ ಮನೆ ನಡೆಯುತ್ತದೆಯೇ ಎಂದಳು. ಇವತ್ತು ಹಾಲ್‌ನಲ್ಲಿ ಯಾರಾದರೂ ಕೇಳಿದರೆ ಏನು ಹೇಳುತ್ತೀ ಎಂದೆ. ಇವತ್ತಿನದರಲ್ಲಿ ಬೆಣ್ಣೆಯೇ ಇದೆಯಲ್ಲ, ಅದನ್ನೇ ಹೇಳುತ್ತೇನೆ ಎಂದಳು. ಎದ್ದು, ಸೆರಗು ಸರಿಮಾಡಿಕೊಂಡು, ತಟ್ಟೆಯನ್ನು ತಾನೇ ತೊಳೆದಿಟ್ಟಳು.

ಹೊರಡುವಾಗಲೂ ಒಂದು ಪ್ರಶ್ನೆ ಉಳಿದಿತ್ತು. ಚೀಲದಲ್ಲಿ ಯಾವಾಗಲೂ ಎರಡು ಪೈ ಇರುತ್ತಿದ್ದವು.

‘ನನಗ ಕೊಟ್ಟಿ, ಸರಿ. ಗೊತ್ತಿದ್ದೂ ನೀ ಯಾಕ ತಿಂದಿ, ಅವ್ವಾ? ಮತ್ತ ನಾಕು ವರ್ಷ?’

ಅವಳು ಬೂಟಿನೊಳಗೆ ಕಾಲು ತೂರಿಸುತ್ತಿದ್ದಳು. ಇದೂ ಒಂದು ಕೇಳುವ ಮಾತೇ ಎಂಬಂತೆ ನನ್ನನ್ನು ನೋಡಿದಳು.

‘ಸಣ್ಣ ಕೂಸು, ಒಬ್ಬಾಕಿನ್ನ ನರಕಕ್ಕ ಕಳಸಲಿಕ್ಕೆ ಬರತದೇನು?’